ಮೋರ್ಸ್ ರನ್ನರ್: ಕ್ಲಬ್ ಸ್ಪರ್ಧೆಗೆ ಮುಂಚಿನ ಗರಡಿಮನೆ

ಹ್ಯಾಮ್‌ಗಳ (ಹವ್ಯಾಸಿ ರೇಡಿಯೊದವರ) ಸಿಕ್ಯು ವರ್ಲ್ಡ್‌ವೈಡ್ ಸಿಡಬ್ಲ್ಯು, ಅಂದರೆ ಮೋರ್ಸ್ ಸಂಕೇತದ ಸ್ಪರ್ಧೆ ನಡೆಯುವುದು ನವೆಂಬರ್ ಕೊನೆಯ ಪೂರ್ತಿ ವಾರಾಂತ್ಯದಲ್ಲಿ, 48 ಗಂಟೆ. ಅದರ ಕ್ಲಬ್ ಪಟ್ಟಿಗೆ ಸದಸ್ಯರೆಲ್ಲರ ಅಂಕ ಕೂಡಿಸುತ್ತಾರೆ. ಹಾಗಾಗಿ ಪಳಗಿದ ಒಬ್ಬಿಬ್ಬರನ್ನು ನೆಚ್ಚಿಕೊಳ್ಳುವುದಕ್ಕಿಂತ, ನಲವತ್ತು ಕಾಂಟ್ಯಾಕ್ಟ್‌ಗೇ (ಇನ್ನೊಂದು ಸ್ಟೇಷನ್ ಜೊತೆಗಿನ ಸಂಪರ್ಕ) ಸುಸ್ತಾಗಿ ರಿಗ್ (ರೇಡಿಯೊ) ಆರಿಸುವ ಹತ್ತು ಮಂದಿಯನ್ನು ಇನ್ನೂರು ದಾಟಿಸುವುದು ಕ್ಲಬ್‌ಗೆ ಲಾಭ. ಆ ಹತ್ತು ಮಂದಿಗೆ ಹೇಳಿಮಾಡಿಸಿದ ತಂತ್ರಾಂಶ ಮೋರ್ಸ್ ರನ್ನರ್.

ಕೆನಡಾದ ಹ್ಯಾಮ್ ಅಲೆಕ್ಸ್ ಶೋವ್ಕೊಪ್ಲಿಯಾಸ್ ಬರೆದದ್ದು, ಪೂರ್ತಿ ಉಚಿತ. ನೀವು ಸಿಕ್ಯು (ಯಾರಾದರೂ ಉತ್ತರಿಸಿ ಎಂಬ ಕರೆ) ಕೂಗಿದರೆ ಕಂಪ್ಯೂಟರ್ರೇ ಹತ್ತಾರು ಸ್ಟೇಷನ್‌ಗಳಾಗಿ ಮೇಲೆ ಬೀಳುತ್ತದೆ. ಮೂಲ ಆವೃತ್ತಿಯಲ್ಲಿ ಸಿಗುವುದು ಸಿಗ್ನಲ್ ವರದಿ, ಸರಣಿ ಸಂಖ್ಯೆ ಅಷ್ಟೇ. ಬೇರೆ ಹ್ಯಾಮ್‌ಗಳು ಬೆಳೆಸಿರುವ ಕಮ್ಯುನಿಟಿ ಎಡಿಷನ್‌ನಲ್ಲಿ ಸಿಡಬ್ಲ್ಯುಟಿ, ಎಸ್‌ಎಸ್‌ಟಿ, ಸಿಕ್ಯು ವರ್ಲ್ಡ್‌ವೈಡ್ ಮುಂತಾದ ಸ್ಪರ್ಧೆಗಳ ನಿಜವಾದ ವಿನಿಮಯವೇ (ಪರಸ್ಪರ ಕಳಿಸುವ ಮಾಹಿತಿ) ಬರುತ್ತದೆ. ಇಳಿಸಿಕೊಳ್ಳುವುದಾದರೆ ಅದನ್ನೇ.

ಮೊದಲು ಸಿಂಗಲ್ ಕಾಲ್ಸ್ (ಒಮ್ಮೆಗೆ ಒಬ್ಬರೇ ಕರೆಯುವ ಬಗೆ), ನಿಮಿಷಕ್ಕೆ 20 ಪದದ ವೇಗ, ಬ್ಯಾಂಡ್‌ವಿಡ್ತ್ (ಫಿಲ್ಟರ್‌ನ ಅಗಲ) 500 ಹರ್ಟ್ಸ್. ಕರೆದವರ ಕಾಲ್‌ಸೈನ್ (ಸ್ಟೇಷನ್ನಿನ ಗುರುತಿನ ಅಕ್ಷರ-ಅಂಕಿ) ಟೈಪಿಸಿ ಎಂಟರ್ ಒತ್ತಿದರೆ ಅವರ ಕಾಲ್ ಮತ್ತು ನಿಮ್ಮ ವರದಿ ಹೋಗುತ್ತದೆ. ಅವರ ವಿನಿಮಯ ತುಂಬಿಸಿ ಮತ್ತೆ ಎಂಟರ್ ಒತ್ತಿದರೆ ಥ್ಯಾಂಕ್ಸ್ ಹೋಗಿ ಲಾಗ್‌ಗೆ ಸೇರುತ್ತದೆ. ಬೆರಳು ಕೀಲಿಮಣೆ ನೋಡದೆ ಓಡುವಂತಾದ ಮೇಲೆ ಪೈಲ್‌ಅಪ್‌ಗೆ (ಹಲವರು ಒಟ್ಟಿಗೇ ಕರೆಯುವುದು) ಬನ್ನಿ, ಆಕ್ಟಿವಿಟಿ (ಕರೆಯುವವರ ದಟ್ಟಣೆ) 2 ಸಾಕು. ಸೀದಾ 5ಕ್ಕೆ ಹಾರುವವರು ಒಂದು ಕಾಲ್ ಕೂಡ ಪೂರ್ತಿ ಹಿಡಿಯದೆ ‘ಎಜಿಎನ್’ (ಮತ್ತೆ ಹೇಳಿ) ಎಂದು ಕೂಗುತ್ತಾ ಕೂರುತ್ತಾರೆ.

ಗುಂಪನ್ನು ಒಡೆಯುವ ದಾರಿ ಬೇರೆ. ಕಿವಿಗೆ ಬಿದ್ದ ಎರಡೇ ಅಕ್ಷರ, ಉದಾಹರಣೆಗೆ ‘ಜೆಎ’, ಟೈಪಿಸಿ ಎಫ್5 ಒತ್ತಿ. ಹೊಂದುವವರು ಕಾಲ್ ಮತ್ತೆ ಕಳಿಸುತ್ತಾರೆ, ಉಳಿದವರು ಬಹುಮಟ್ಟಿಗೆ ಸುಮ್ಮನಾಗುತ್ತಾರೆ. ಫಿಲ್ಟರ್ 200ಕ್ಕೆ ಇಳಿಸಿದರೆ ಸ್ವರವೇನೋ ಶುಭ್ರ, ಆದರೆ ಪಕ್ಕಕ್ಕೆ ಸರಿದು ಕರೆಯುವವರು ಕೇಳಿಸುವುದೇ ಇಲ್ಲ. 400ರ ಆಸುಪಾಸಿನಲ್ಲಿಟ್ಟು, ಬೇಕಾದಾಗ ಮೇಲೆ-ಕೆಳಗಿನ ಬಾಣದ ಕೀಲಿಗಳಿಂದ ಆರ್‌ಐಟಿ (ಕೇಳುವ ಆವರ್ತನವನ್ನು ತುಸು ಸರಿಸುವ ಸೌಲಭ್ಯ) ಆಡಿಸುವುದು ಮೇಲು. ಬ್ಲೂಟೂತ್ ಹೆಡ್‌ಫೋನ್ ಬೇಡವೇ ಬೇಡ. ಶಬ್ದ ತಡವಾಗಿ ಬಂದು ಅವರು ಕಳಿಸುತ್ತಿರುವಾಗಲೇ ನೀವು ಎಂಟರ್ ಒತ್ತಿಬಿಟ್ಟಿರುತ್ತೀರಿ. ತಂತಿಯದ್ದೇ ಇರಲಿ.

ಈ ತಂತ್ರಾಂಶದ ಅಸಲಿ ಬೆಲೆ ಇರುವುದು ಅಂಕಪಟ್ಟಿಯಲ್ಲಿ. ‘ರಾ’ (ತಪ್ಪು ಕಳೆಯುವ ಮುಂಚಿನದು) ಮತ್ತು ‘ವೆರಿಫೈಡ್’ (ಕಳೆದ ಮೇಲಿನದು) ಎಂದು ಎರಡು ಸಾಲು. ತಪ್ಪು ಕಾಲ್‌ಗೆ ಎದುರು ‘ಎನ್‌ಐಎಲ್’, ತಪ್ಪು ಸಂಖ್ಯೆಗೆ ‘ಎನ್‌ಆರ್’ ಎಂದು ಬೀಳುತ್ತದೆ. ಸಿಕ್ಯು ವರ್ಲ್ಡ್‌ವೈಡ್‌ನಲ್ಲಿ ತಪ್ಪು ಹಿಡಿದ ಕಾಲ್ ಕಳೆದುಹೋಗುವುದಲ್ಲದೆ ದಂಡವೂ ಬೀಳುವುದರಿಂದ, ನೂರಕ್ಕೆ ಮೂರಕ್ಕಿಂತ ಹೆಚ್ಚು ತಪ್ಪಾದರೆ ಪೇಜ್‌ಡೌನ್ ಒತ್ತಿ ವೇಗ ಇಳಿಸಬೇಕು. ಬಹಳ ಜನ ‘ರಾ’ ಸಾಲು ನೋಡಿ ಬೀಗುತ್ತಾರೆ, ಅದೇ ಯಡವಟ್ಟು. ಎಚ್‌ಎಸ್‌ಟಿ (ಅತಿವೇಗ ಟೆಲಿಗ್ರಫಿ) ಮೋಡ್ 10 ನಿಮಿಷದ್ದು. ಹ್ಯಾಮ್‌ಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಆರ್‌ಯುನ ಅತಿವೇಗ ಟೆಲಿಗ್ರಫಿ ಚಾಂಪಿಯನ್‌ಶಿಪ್‌ನಲ್ಲಿ ಈ ತಂತ್ರಾಂಶವನ್ನೇ ಬಳಸುತ್ತಾರೆ. ಕ್ಲಬ್ಬಿನವರು ತಮ್ಮತಮ್ಮೊಳಗೆ ಹೋಲಿಸಿಕೊಳ್ಳಲು ಇದೇ ಅನುಕೂಲ.

ಕೊರತೆಗಳೂ ಇವೆ. ಕಳಿಸುವುದೆಲ್ಲ ಕೀಲಿಮಣೆಯಿಂದ, ಪ್ಯಾಡಲ್ (ಕೈಯಿಂದ ಮೋರ್ಸ್ ಕಳಿಸುವ ಸಾಧನ) ಹಿಡಿಯುವ ಕೈಗೆ ಅಭ್ಯಾಸವಿಲ್ಲ. ಬ್ಯಾಂಡಿನಲ್ಲಿ ಅಲೆದು ಬೇರೆಯವರನ್ನು ಹುಡುಕಿ ಕರೆಯುವ ಕಲೆಯನ್ನೂ ಇದು ಕಲಿಸುವುದಿಲ್ಲ. ನೂರು ವಾಟ್, ಸಾದಾ ಡೈಪೋಲ್ ಆಂಟೆನಾ ಇರುವ ಸದಸ್ಯರ ಹೆಚ್ಚಿನ ಕಾಂಟ್ಯಾಕ್ಟ್ ಬರುವುದು ಅಲ್ಲಿಂದಲೇ. ಕ್ಯುಎಸ್‌ಬಿ (ಸಿಗ್ನಲ್ ಏರಿಳಿತ), ಫ್ಲಟರ್ (ಸಿಗ್ನಲ್ ನಡುಕ) ನೈಜವಾಗಿವೆ, ಆದರೆ ಪಕ್ಕದ ಮನೆಯ ಎಲ್‌ಇಡಿ ಬಲ್ಬಿನ ಗದ್ದಲಕ್ಕೆ ಇಲ್ಲಿ ಸಾಟಿಯಿಲ್ಲ! ವಿಂಡೋಸ್‌ಗೆ ಬರೆದದ್ದು, ಲಿನಕ್ಸ್‌ನವರು ವಿಂಡೋಸ್ ತಂತ್ರಾಂಶ ನಡೆಸುವ ವೈನ್ ಮೂಲಕ ಓಡಿಸಿಕೊಳ್ಳಬಹುದು.

ಎರಡು ವಾರ ದಿನಕ್ಕೆ 20 ನಿಮಿಷ ಕೂತ ಮೇಲೆ ಗಾಳಿಗೆ (ನಿಜವಾದ ರೇಡಿಯೊಗೆ) ಇಳಿಯಲು ಸಿಡಬ್ಲ್ಯುಆಪ್ಸ್ ಕ್ಲಬ್ಬಿನ ಸಿಡಬ್ಲ್ಯುಟಿ ಸರಿಯಾದ ಜಾಗ. ಪ್ರತಿ ಸುತ್ತೂ ಒಂದೇ ಗಂಟೆ, ನಮ್ಮ ಸಮಯಕ್ಕೆ ಬುಧವಾರ ಸಂಜೆ 6:30, ಗುರುವಾರ ನಸುಕಿನ 12:30, ಬೆಳಿಗ್ಗೆ 8:30, ಮಧ್ಯಾಹ್ನ 12:30. ಸದಸ್ಯರು ಹೆಸರು ಮತ್ತು ಸದಸ್ಯತ್ವ ಸಂಖ್ಯೆ ಕಳಿಸುತ್ತಾರೆ, ಸದಸ್ಯರಲ್ಲದ ನಮ್ಮವರು ಹೆಸರು ಮತ್ತು ‘ವಿಯು’ (ಭಾರತದ ಕಾಲ್‌ಸೈನ್‌ಗಳ ಮೊದಲ ಅಕ್ಷರಗಳು) ಎಂದರೆ ಸಾಕು. ವೇಗ ಹೆಚ್ಚೆನಿಸಿದರೆ ಸೋಮವಾರ ಬೆಳಿಗ್ಗೆ 5:30ರ ಎಸ್‌ಎಸ್‌ಟಿ ಇದೆ, ಅಲ್ಲಿ 20 ದಾಟುವಂತಿಲ್ಲ.