ಮೂರು ಮಳೆಗಾಲ ಕಂಡ ರಾಕ್‌ವುಲ್ ಪ್ಯಾನೆಲ್‌ಗಳು

ಮೊದಲೇ ಹೇಳಿಬಿಡುತ್ತೇನೆ: ಕರಾವಳಿಯಲ್ಲಿ ಇರುವವರು ಮನೆಯ ಮರುದನಿ ತಗ್ಗಿಸಲಿಕ್ಕೆಂದು ಗೋಡೆಗೆ ಫೋಮ್ ಅಂಟಿಸಬೇಡಿ. ಒಂದಿಂಚಿನ ಕಪ್ಪು ಫೋಮ್ 24 ತುಂಡು ಆನ್‌ಲೈನಿನಲ್ಲಿ ತರಿಸಿ ಹಾಲ್‌ಗೆ ಹಚ್ಚಿದ್ದು ಏಪ್ರಿಲ್‌ನಲ್ಲಿ. ಜೋರು ಮಳೆಯ ಆಟಿ ತಿಂಗಳು ಬರುವಷ್ಟರಲ್ಲಿ ಹಿಂದೆಲ್ಲ ಬೂಷ್ಟು, ಮನೆ ತುಂಬ ಒಣಗದ ಬಟ್ಟೆಯ ವಾಸನೆ. ಕಿತ್ತರೆ ಪೇಂಟು, ಪುಟ್ಟಿ ಎಲ್ಲ ಜೊತೆಗೇ ಬಂತು. ಅಷ್ಟಾಗಿ ಧ್ವನಿಯೂ ಸುಧಾರಿಸಲಿಲ್ಲ. ತೆಳು ಫೋಮ್ ತಾಳದ ಮೊನಚನ್ನಷ್ಟೇ ಹೀರುತ್ತದೆ, ಕೆಳಗಿನ ಗುಂಯ್ ಎನ್ನುವ ಸದ್ದು ಹಾಗೇ ಉಳಿಯುತ್ತದೆ. ಗೋಡೆ ಸರಿಮಾಡಿಸಿದ ಖರ್ಚು ಫೋಮಿನ ಬೆಲೆಗಿಂತ ಜಾಸ್ತಿ. ಹೆಂಡತಿಗೆ ಆದ ಬೇಸರ ಬೇರೆ.

ನಮ್ಮದು ಮಂಗಳೂರಿನ ಕದ್ರಿ ಕಂಬಳದ ಹತ್ತಿರ ಫ್ಲಾಟ್. ಹಾಲ್ 16 ಅಡಿ ಉದ್ದ, 12 ಅಡಿ ಅಗಲ, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್. ಚಪ್ಪಾಳೆ ತಟ್ಟಿದರೆ ಟರ್ರ್ ಎಂದು ಮರುದನಿ. ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನನಗೆ ಸಂಜೆಗೆ ತಾಳಮದ್ದಳೆಯ, ಅಂದರೆ ವೇಷ ಕುಣಿತವಿಲ್ಲದೆ ಕೂತು ಪದ ಮತ್ತು ಮಾತಿನಲ್ಲೇ ನಡೆಸುವ ಪ್ರಸಂಗದ, ರೆಕಾರ್ಡಿಂಗೇ ಗತಿ. ಪಾತ್ರವಾಗಿ ಮಾತಾಡುವ ಅರ್ಥಧಾರಿಗಳ ಮಾತಿನ ತುದಿ ಕೇಳಿಸದಿದ್ದರೆ ರೆಕಾರ್ಡಿಂಗ್ ಸರಿಯಿಲ್ಲ ಎಂದುಕೊಳ್ಳುತ್ತಿದ್ದೆ.

ಎರಡನೇ ಸಲ ರಾಕ್‌ವುಲ್ (ಕಲ್ಲು ಕರಗಿಸಿ ಎಳೆದ ನಾರಿನ ಹಾಸು) ಹಾಕುವುದೆಂದು, ಹೆಂಡತಿಯ ಷರತ್ತು ಕೇಳಿಯೇ ಹೊರಟೆ. ಕಾರ್ಪೆಟ್ ಬೇಡ, ದಿನಾ ನೆಲ ಒರೆಸುವ ಮನೆ. ಕಪ್ಪು ಬಣ್ಣ ಬೇಡ. ಮತ್ತೆ, “ಗೋಡೆಗೆ ತಾಗಿಸುವುದೇ ಬೇಡ ಮಾರಾಯ್ರೆ, ಹಿಂದೆ ಗಾಳಿ ಆಡ್ಲಿಕ್ಕೆ ಜಾಗ ಬೇಕು.” ಅವಳು ಹೇಳಿದ್ದು ಬೂಷ್ಟಿನ ಹೆದರಿಕೆಗೆ. ಆದರೆ ಶಬ್ದದ ಲೆಕ್ಕವೂ ಅದೇ! ಗೋಡೆಗೆ ತಾಗಿದಲ್ಲಿ ಗಾಳಿ ಅಲುಗುವುದೇ ಇಲ್ಲ. ಸ್ವಲ್ಪ ಈಚೆ ಬಂದರೆ ಅಲುಗಾಟ ಹೆಚ್ಚು, ರಾಕ್‌ವುಲ್ ತಡೆಯುವುದು ಆ ಅಲುಗಾಟವನ್ನು. 50 ಎಂಎಂ ದಪ್ಪದ ಪ್ಯಾನೆಲ್ ಅನ್ನು ಗೋಡೆಯಿಂದ 2 ಇಂಚು ಬಿಟ್ಟು ತೂಗುಹಾಕಿದರೆ ಅದೇ ದುಡ್ಡಿಗೆ ಇನ್ನಷ್ಟು ಕೆಳಗಿನ ಸ್ವರವೂ ಹಿಡಿತಕ್ಕೆ ಬರುತ್ತದೆ.

ಊರಿನ ಹಳೆ ಮನೆಯ ಮಾಡು ಬಿಚ್ಚಿದಾಗ ಉಳಿದ ರೀಪುಗಳಲ್ಲಿ ಆಚಾರ್ರು ಆರು ಚೌಕಟ್ಟು ಮಾಡಿಕೊಟ್ಟರು. ರಾಕ್‌ವುಲ್ ಮುಟ್ಟಿದರೆ ವಿಪರೀತ ತುರಿಕೆ, ಕೈಗವಸು ಮತ್ತು ಮಾಸ್ಕ್ ಬೇಕೇ ಬೇಕು. ಅದನ್ನು ತೆಳು ನಾನ್‌ವೋವನ್ ಬಟ್ಟೆಯಲ್ಲಿ ಸುತ್ತಿ, ಮೇಲೆ ಅವಳ ಅಮ್ಮನ ಉಡುಪಿ ಕೈಮಗ್ಗದ ಹತ್ತಿ ಸೀರೆಗಳನ್ನು ಹೊದಿಸಿದೆವು. ಬಟ್ಟೆಗೆ ಬಾಯಿಟ್ಟು ಊದಿ ನೋಡಿ, ಉಸಿರು ಆಚೆ ದಾಟಿದರೆ ಶಬ್ದವೂ ದಾಟುತ್ತದೆ. ಜಾಗ ಹುಡುಕಿದ್ದು ಇಬ್ಬರೂ ಸೇರಿ: ನಾನು ಕೂರುವಲ್ಲಿ ಕೂತೆ, ಅವಳು ಗೋಡೆಯುದ್ದಕ್ಕೂ ಕನ್ನಡಿ ಸರಿಸುತ್ತಾ ಹೋದಳು. ಕನ್ನಡಿಯಲ್ಲಿ ಸ್ಪೀಕರ್ ಕಂಡಲ್ಲಿ ಪೆನ್ಸಿಲ್ ಗುರುತು, ಸದ್ದು ಗೋಡೆಗೆ ಬಡಿದು ನನ್ನ ಕಿವಿಗೆ ಬರುವುದು ಅಲ್ಲಿಂದಲೇ.

ಈಗ ದೀಪ ಹಚ್ಚಿ ಆದ ಮೇಲೆ, ಚಹಾ ಹಿಡಿದು, ಸೆಕೆಯಿದ್ದರೂ ಫ್ಯಾನ್ ಆರಿಸಿ ಕೂರುತ್ತೇನೆ. ಭಾಗವತರ ಪದ ಮುಗಿದು ಚೆಂಡೆಯ ಕೊನೆಯ ಪೆಟ್ಟು ನಿಂತ ಮೇಲೆ ಒಂದು ಖಾಲಿ ಇರುತ್ತದಲ್ಲ, ಅದು ಈಗ ಕೇಳುತ್ತದೆ. ಅರ್ಥಧಾರಿ ದನಿ ತಗ್ಗಿಸಿ ಹೇಳಿದ ಮಾತೂ ಸೋಫಾದವರೆಗೆ ಬರುತ್ತದೆ. ಮಿಕ್ಸಿಯ ಸದ್ದು ಹಾಲ್‌ನಲ್ಲಿ ಮೊದಲಿನಷ್ಟು ಕಿವಿಗೆ ಹೊಡೆಯುವುದಿಲ್ಲ ಎಂದು ಗಮನಿಸಿದ್ದು ಮಾತ್ರ ಅವಳು. ಟಿವಿಯ ವಾಲ್ಯೂಮೂ ತನ್ನಷ್ಟಕ್ಕೆ ಇಳಿಯಿತು.

ಕೊರತೆ ಇದೆ. 12 ಅಡಿಯ ಎರಡು ಗೋಡೆಗಳ ನಡುವೆ ಸುಮಾರು 47 ಹರ್ಟ್ಜ್‌ನ ಗುಮ್ಮು ಇನ್ನೂ ಏಳುತ್ತದೆ, ಸಿನಿಮಾ ಹಾಡು ಹಾಕಿದರೆ ಗೊತ್ತಾಗುತ್ತದೆ. ಅದಕ್ಕೆ ಮೂಲೆಯಲ್ಲಿ ನೆಲದಿಂದ ಮೇಲಿನವರೆಗೆ ದಪ್ಪ ರಾಕ್‌ವುಲ್ ನಿಲ್ಲಿಸಬೇಕು. ಆ ಮೂಲೆಯಲ್ಲಿ ಅವಳ ಹೊಲಿಗೆ ಮಿಷನ್ ಇದೆ, ಕಿಟಕಿಯ ಬೆಳಕು ಬೀಳುವುದೂ ಅಲ್ಲೇ. ಅದನ್ನು ಸರಿಸು ಎಂದು ನಾನು ಕೇಳಲಿಲ್ಲ, ಕೇಳುವುದೂ ಇಲ್ಲ. ಪಕ್ಕದ ಮನೆಗೆ ಸದ್ದು ಹೋಗದಂತೆ ಇವು ತಡೆಯುತ್ತವೆ ಎಂದೂ ಯಾರೂ ತಿಳಿಯಬೇಡಿ, ಆ ಕೆಲಸ ಇವುಗಳದ್ದಲ್ಲ.

ಮರ ಬಿಟ್ಟು ಆರಕ್ಕೂ ಸೇರಿ ನನಗೆ ಬಿದ್ದದ್ದು ಸುಮಾರು 9000 ರೂಪಾಯಿ. ಮೂರು ಮಳೆಗಾಲ ಆಯಿತು, ಹಿಂದಿನ ಗೋಡೆ ಒಣಗಿಯೇ ಇದೆ. ಚೌತಿಗೆ ಮೊದಲು ಬಿಸಿಲು ಕಂಡ ದಿನ ಹೊದಿಕೆ ಬಿಚ್ಚಿ ಒಗೆಯುತ್ತೇವೆ. ಈ ಸಲ ಎರಡಕ್ಕೆ ಅವಳು ಬೇರೆ ಸೀರೆ ತೆಗೆದಿಟ್ಟಿದ್ದಾಳೆ, ಹಸಿರು ಅಂಚಿನದ್ದು.