ರೀಲೋಡಿಂಗ್ ಕಲಿಯೋಕೆ ಯಾವ ಪ್ರೆಸ್: ಸಿಂಗಲ್ ಸ್ಟೇಜಾ, ಟರೆಟ್ಟಾ, ಪ್ರೋಗ್ರೆಸಿವ್ವಾ?

ಇಲ್ಲಿ ಫೀನಿಕ್ಸ್‌ನಲ್ಲಿ ನಂಜೊತೆ ಬೆನ್ ಏವರಿ ಶೂಟಿಂಗ್ ರೇಂಜಿಗೆ ಬರೋ ಕನ್ನಡದ ಫ್ರೆಂಡ್ಸ್ ಒಂದಿಬ್ರು ರೀಲೋಡಿಂಗ್ (ಹೊಡೆದ ಖಾಲಿ ಕೇಸಲ್ಲಿ ಮತ್ತೆ ಗುಂಡು ತಯಾರಿಸೋದು) ಶುರು ಮಾಡ್ಬೇಕು ಅಂತಿದ್ದಾರೆ, ಎಲ್ಲರದ್ದೂ ಒಂದೇ ಪ್ರಶ್ನೆ, ಅದಕ್ಕೆ ಯಾವ ಪ್ರೆಸ್, ಅಂದ್ರೆ ಹ್ಯಾಂಡಲ್ ಎಳೆದು ಕೇಸ್ ಒತ್ತೋ ಮಷೀನು, ತಗೋಳೋದು ಅಂತ. ನಾನು ಮೂರು ಥರದ್ದರಲ್ಲೂ .38 ಸ್ಪೆಷಲ್ ಮತ್ತೆ 9 ಎಂಎಂ ಹ್ಯಾಂಡ್‌ಗನ್ ಗುಂಡು ಮಾಡಿ ನೋಡಿದೀನಿ: ಆರ್‌ಸಿಬಿಎಸ್ ರಾಕ್ ಚಕ್ಕರ್ ಸುಪ್ರೀಮ್ (ಸಿಂಗಲ್ ಸ್ಟೇಜ್), ಲೀ ಕ್ಲಾಸಿಕ್ ಟರೆಟ್, ಆಮೇಲೆ ಫ್ರೆಂಡ್ ಮನೇಲಿರೋ ಡಿಲ್ಲನ್ 550ಸಿ (ಪ್ರೋಗ್ರೆಸಿವ್). ಉತ್ತರ ಮೊದ್ಲೇ ಹೇಳ್ಬಿಡ್ತೀನಿ, ಹೊಸಬ್ರಿಗೆ ಟರೆಟ್, ಆದ್ರೆ ಶುರುವಲ್ಲಿ ಅದನ್ನ ಸಿಂಗಲ್ ಸ್ಟೇಜ್ ಥರಾನೇ ಓಡಿಸ್ಬೇಕು.

ಕೆಲಸ ಮೂರರಲ್ಲೂ ಒಂದೇ. ಹೊಡೆದ ಮೇಲೆ ಹಿಗ್ಗಿರೋ ಹಿತ್ತಾಳೆ ಕೇಸನ್ನ ಡೈ (ಅಳತೆಯ ಅಚ್ಚು) ಒಳಗೆ ಒತ್ತಿ ಮತ್ತೆ ಅಳತೆಗೆ ತರೋದು, ಹಳೇ ಪ್ರೈಮರ್ (ಕಿಡಿ ಹೊತ್ತಿಸೋ ಪುಟ್ಟ ಬಟ್ಟಲು) ತೆಗೆದು ಹೊಸದು ಕೂರಿಸೋದು, ಬಾಯಿ ಚೂರು ಅಗಲ ಮಾಡೋದು, ಪೌಡರ್ ಹಾಕೋದು, ಬುಲೆಟ್ ಕೂರಿಸಿ ಕ್ರಿಂಪ್ ಮಾಡೋದು, ಅಂದ್ರೆ ಕೇಸ್ ಬಾಯನ್ನ ಅದರ ಸುತ್ತ ಬಿಗಿ ಮಾಡೋದು. ಮೂರಕ್ಕೂ ಅದೇ 7/8-14 ಥ್ರೆಡ್‌ನ ಡೈಗಳು ಆಗುತ್ತೆ, ಹಾಗಾಗಿ ಮುಂದೆ ಪ್ರೆಸ್ ಬದಲಾಯಿಸಿದ್ರೂ ಡೈಗೆ ಹಾಕಿದ ದುಡ್ಡು ದಂಡ ಆಗಲ್ಲ.

ರಾಕ್ ಚಕ್ಕರ್‌ನಲ್ಲಿ ಒಂದು ಸಲ ಹ್ಯಾಂಡಲ್ ಎಳೆದ್ರೆ ಒಂದೇ ಕೆಲಸ. 50 ಕೇಸ್‌ಗೂ ಒಂದು ಕೆಲಸ ಮುಗಿಸಿ, ಡೈ ಬಿಚ್ಚಿ, ಮುಂದಿನ ಡೈ ಹಾಕ್ಬೇಕು. ನಿಧಾನ ಹೌದು, ಸಂಜೆ ಪೂರ್ತಿ ಕೂತ್ರೆ ಎರಡು ಬಾಕ್ಸ್ ಆದ್ರೆ ಹೆಚ್ಚು. ಆದ್ರೆ ಪೌಡರ್ ಹಾಕಿದ ಮೇಲೆ 50 ಕೇಸೂ ಬ್ಲಾಕ್‌ನಲ್ಲಿ (ತೂತುಗಳಿರೋ ಹಲಗೆ) ಬಾಯಿ ಮೇಲೆ ಮಾಡಿ ಸಾಲಾಗಿ ನಿಂತಿರುತ್ತಲ್ಲ, ಟಾರ್ಚ್ ಬಿಟ್ಟು ಒಂದ್ಸಲ ನೋಡಿದ್ರೆ ಯಾವುದಕ್ಕೆ ಎರಡು ಸಲ ಬಿದ್ದಿದೆ, ಯಾವುದು ಖಾಲಿ ಅಂತ ಅಲ್ಲೇ ಕಾಣುತ್ತೆ, ನನಗೆ ಈ ಇಡೀ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ್ದು ಇನ್ನೊಂದಿಲ್ಲ. .38 ಸ್ಪೆಷಲ್ ಬ್ಲ್ಯಾಕ್ ಪೌಡರ್ ಕಾಲದ ಕೇಸ್, ಒಳಗೆ ಜಾಗ ಜಾಸ್ತಿ, ಈಗಿನ ಫಾಸ್ಟ್ ಪೌಡರ್ ಡಬಲ್ ಬಿದ್ರೂ ತುಂಬಿ ಚೆಲ್ಲಲ್ಲ, ಮೇಲೆ ಬುಲೆಟ್ ಆರಾಮಾಗಿ ಕೂತ್ಕೊಳುತ್ತೆ, ಹೊಡೆದಾಗ ಗನ್ನೇ ಒಡೆದುಹೋಗ್ಬಹುದು. ಪೌಡರ್ ಬೀಳದೇ ಇದ್ರೆ ಅದೂ ಅಪಾಯಾನೇ, ಪ್ರೈಮರ್ ಒಂದೇ ಬುಲೆಟ್ಟನ್ನ ಬ್ಯಾರೆಲ್ ಒಳಗೆ ತಳ್ಳಿ ಅಲ್ಲೇ ಸಿಕ್ಕಿಸುತ್ತೆ, ಗೊತ್ತಾಗದೆ ಹಿಂದಿಂದ ಇನ್ನೊಂದು ಹೊಡೆದ್ರೆ ಬ್ಯಾರೆಲ್ ಮುಗೀತು.

ಟರೆಟ್‌ನಲ್ಲಿ ನಾಲ್ಕು ಡೈ ಮೇಲಿನ ತಟ್ಟೇಲಿ ಒಟ್ಟಿಗೆ ಕೂತಿರುತ್ತೆ, ಕೇಸ್ ಕೆಳಗೆ ಇದ್ದಲ್ಲೇ ಇರುತ್ತೆ, ಪ್ರತಿ ಸಲ ಎಳೆದಾಗ ಮೇಲಿಂದೇ ತಿರುಗುತ್ತೆ, ನಾಲ್ಕು ಎಳೆತಕ್ಕೆ ಒಂದು ರೌಂಡ್ ರೆಡಿ. ಮಧ್ಯದಲ್ಲಿರೋ ಇಂಡೆಕ್ಸ್ ರಾಡ್ ತೆಗೆದಿಟ್ರೆ ತಿರುಗೋದು ನಿಲ್ಲುತ್ತೆ, ಪಕ್ಕಾ ಸಿಂಗಲ್ ಸ್ಟೇಜ್ ಆಗುತ್ತೆ. ಬ್ಲಾಕ್‌ನಲ್ಲಿ ಕೇಸ್ ಜೋಡಿಸಿ ಟಾರ್ಚ್ ಬಿಟ್ಟು ನೋಡೋ ಅಭ್ಯಾಸ ಇದರಲ್ಲೇ ಮಾಡ್ಕೊಳ್ಳಿ, ಕೈ ಕೂತ ಮೇಲೆ ರಾಡ್ ವಾಪಸ್ ಹಾಕಿ. ಆಗ್ಲೂ ಬುಲೆಟ್ ಇಡೋ ಮುಂಚೆ ಕೇಸ್ ಕಣ್ಣೆದುರಿಗೇ ಇರುತ್ತೆ, ಪ್ರೆಸ್ ಮೇಲೆ ಒಂದು ಸಣ್ಣ ಎಲ್‌ಇಡಿ ಅಂಟಿಸಿದ್ರೆ ಪ್ರತಿಯೊಂದನ್ನೂ ಬಗ್ಗಿ ನೋಡ್ಬಹುದು. ಹ್ಯಾಂಡಲ್ ಮಾತ್ರ ಪೂರ್ತಿ ಎಳೀಬೇಕು, ಪೂರ್ತಿ ಬಿಡ್ಬೇಕು. .38ರಿಂದ 9 ಎಂಎಂಗೆ ಹೋಗೋಕೆ ಡೈ ಇರೋ ತಟ್ಟೆ ಎತ್ತಿ ಇನ್ನೊಂದಿಟ್ಟು, ಕೇಸ್ ಬುಡ ಹಿಡಿಯೋ ಶೆಲ್ ಹೋಲ್ಡರ್ ಬದಲಾಯಿಸಿದ್ರೆ ಹೆಚ್ಚುಕಮ್ಮಿ ಆಯ್ತು, ಡೈ ಸೆಟ್ಟಿಂಗ್ ಅಲುಗಾಡಲ್ಲ.

550ಸಿ ಒಳ್ಳೇ ಮಷೀನು, ಅದರಲ್ಲಿ ಎರಡು ಮಾತಿಲ್ಲ. ಒಂದು ಎಳೆತಕ್ಕೆ ನಾಲ್ಕೂ ಸ್ಟೇಷನ್ ಒಟ್ಟಿಗೆ ಕೆಲಸ ಮಾಡುತ್ತೆ, ಗಂಟೆಗೆ 400ರಿಂದ 600 ಅಂತ ಕಂಪನಿ ಹೇಳುತ್ತೆ. ಆದ್ರೆ ಕಲಿಯೋನಿಗೆ ಎಲ್ಲಿ ಕಷ್ಟ ಅಂದ್ರೆ, ಹ್ಯಾಂಡಲ್ ಯಾಕೋ ಬಿಗಿ ಅನ್ಸಿದ್ರೆ ಆ ಬಿಗಿ ನಾಲ್ಕರಲ್ಲಿ ಯಾವ ಸ್ಟೇಷನ್ನಿಂದ ಬಂತು ಅಂತ ಕೈಗೆ ಗೊತ್ತಾಗಲ್ಲ. ಅದು ಗೊತ್ತಾಗೋಕೆ ಮೊದಲು ಒಂದೊಂದೇ ಕೆಲಸ ಬೇರೆಬೇರೆಯಾಗಿ ಮಾಡಿ ಅಭ್ಯಾಸ ಇರ್ಬೇಕು. ಕೇಸ್‌ಗಳನ್ನ ಹಿಡಿದಿರೋ ಇದರ ಶೆಲ್ ಪ್ಲೇಟ್ ನಾವೇ ಕೈಯಲ್ಲಿ ತಿರುಗಿಸ್ಬೇಕು, ಮಧ್ಯದಲ್ಲಿ ಯಾರೋ ಮಾತಾಡಿಸಿದ್ರು, ತಿರುಗಿಸದೇ ಮತ್ತೆ ಎಳೆದ್ರೆ ಅದೇ ಕೇಸಿಗೆ ಎರಡನೇ ಸಲ ಪೌಡರ್. ವಾರಾವಾರ ಮ್ಯಾಚ್ ಆಡೋವ್ರಿಗೆ ಇದು ಬೇಕೇ ಬೇಕು, ಆದ್ರೆ ಮೊದಲ ಪ್ರೆಸ್ ಆಗಿ ಬೇಡ.

ಯಾವುದೇ ತಗೊಳ್ಳಿ, ತಕ್ಕಡಿ, ಅದನ್ನ ಪರೀಕ್ಷೆ ಮಾಡೋ ಚೆಕ್ ವೆಯ್ಟ್, ಕ್ಯಾಲಿಪರ್, ಒಂದು ಹೊಸ ಲೋಡಿಂಗ್ ಮ್ಯಾನುಯಲ್ (ಯಾವ ಗುಂಡಿಗೆ ಎಷ್ಟು ಪೌಡರ್ ಅಂತ ಹೇಳೋ ಪುಸ್ತಕ) ಪ್ರೆಸ್ ಜೊತೇಲೇ ಬರ್ಲಿ. ಮ್ಯಾನುಯಲ್‌ನಲ್ಲಿರೋ ಸ್ಟಾರ್ಟಿಂಗ್ ಲೋಡಿಂದಾನೇ (ಶುರುವಿಗೆ ಹೇಳಿರೋ ಕಡಿಮೆ ಪೌಡರ್ ಅಳತೆ) ಶುರು ಮಾಡಿ, ಟೇಬಲ್ ಮೇಲೆ ಒಂದು ಸಲಕ್ಕೆ ಒಂದೇ ಪೌಡರ್ ಡಬ್ಬ ಇಡಿ. ಕಣ್ಣಿಗೆ ಗ್ಲಾಸ್ ಬೇಕು, ಪ್ರೈಮರ್ ಮಸಿಯಲ್ಲಿ ಸೀಸ ಇರುತ್ತೆ, ಊಟಕ್ಕೆ ಮುಂಚೆ ಕೈ ಚೆನ್ನಾಗಿ ತೊಳೀಬೇಕು. ಅಮೆರಿಕಾದಲ್ಲಿ ಸ್ವಂತಕ್ಕೆ ಮಾಡ್ಕೊಳೋಕೆ ಫೆಡರಲ್ ಲೈಸೆನ್ಸ್ ಬೇಡ, ಆದ್ರೆ ಮಾಡಿ ಮಾರೋದಾದ್ರೆ ಬೇಕು. ಊರಲ್ಲಿರೋ ತಮ್ಮಂದಿರೇ, ಅಲ್ಲಿ 1959ರ ಆರ್ಮ್ಸ್ ಆಕ್ಟ್ ಪ್ರಕಾರ ಲೈಸೆನ್ಸ್ ಇಲ್ಲದೆ ಗುಂಡು ತಯಾರಿಸೋದು ಅಪರಾಧ, ಕೈ ಹಾಕ್ಬೇಡಿ.

ರಾಕ್ ಚಕ್ಕರ್ ನಾನು ಮಾರಲ್ಲ. .223 ರೈಫಲ್ ಕೇಸ್‌ಗೆ ಮೊದಲು ಲ್ಯೂಬ್ (ಜಾರೋ ಎಣ್ಣೆ) ಹಚ್ಬೇಕು, ಸೈಜ್ ಮಾಡಿದ ಮೇಲೆ ಉದ್ದ ಅಳೆದು 1.760 ಇಂಚು ದಾಟಿರೋದನ್ನ ಟ್ರಿಮ್ ಮಾಡ್ಬೇಕು, ಹೇಗೂ ನಡುವೆ ನಿಲ್ಲಿಸಲೇಬೇಕಲ್ವಾ, ಆ ಕೆಲಸಕ್ಕೆ ಅದರ ಭಾರದ ಕಬ್ಬಿಣಾನೇ ನನಗೆ ಇಷ್ಟ.