ಬಾಡಿಗೆ ಮನೆ ಮಾರಾಟಕ್ಕೆ ಬಿದ್ದರೆ ಅಡ್ವಾನ್ಸ್ ಮಾತು ರಿಜಿಸ್ಟ್ರೇಷನ್‌ಗೆ ಮೊದಲೇ ಮುಗಿಸಿಕೊಳ್ಳಿ

ಬೆಂಗಳೂರಲ್ಲಿ ಬಾಡಿಗೆಗೋ ಲೀಸ್‌ಗೋ ಇರುವವರು ದಯವಿಟ್ಟು ಪೂರ್ತಿ ಓದಿ. ನಾವಿದ್ದ ಮನೆಯನ್ನು ನಮ್ಮ ಓನರ್ ನಮಗೆ ಒಂದು ಮಾತೂ ಹೇಳದೆ ಮಾರಿದರು. ಮಾರಿದ್ದಕ್ಕೆ ನನ್ನ ತಕರಾರಿಲ್ಲ. ಅವರ ಮನೆ, ಅವರಿಷ್ಟ, ಅದಕ್ಕೆ ಬಾಡಿಗೆದಾರರ ಒಪ್ಪಿಗೆ ಬೇಕಿಲ್ಲ. ತಕರಾರಿರುವುದು ನಮ್ಮ ಒಂದೂವರೆ ಲಕ್ಷ ಅಡ್ವಾನ್ಸ್ ಬಗ್ಗೆ. ಹಳಬರು ಹೊಸಬರ ಕಡೆ ಕೈ ತೋರಿಸೋದು, ಹೊಸಬರು ಹಳಬರ ಕಡೆ ಕೈ ತೋರಿಸೋದು, ಹೀಗೇ ತಿಂಗಳುಗಟ್ಟಲೆ ನಮ್ಮನ್ನು ಆಡಿಸಿದರು. ನಮ್ಮ ಕಟ್ಟಡದಲ್ಲಿದ್ದ ಮೂರು ಸಂಸಾರಗಳಲ್ಲಿ ನಮ್ಮದೇ ಪರವಾಗಿಲ್ಲ ಅನ್ನಬೇಕು. ಉಳಿದವರ ಕಥೆ ಮುಂದೆ ಹೇಳುತ್ತೇನೆ.

ಮಾರಾಟದ ಸುದ್ದಿ ಓನರ್ ಬಾಯಿಂದ ಬರುತ್ತೆ ಅಂತ ಕಾಯಬೇಡಿ. ನಮ್ಮಲ್ಲಿ ಮೊದಲು ಬಂದದ್ದು ಭಾನುವಾರ ಬೆಳಿಗ್ಗೆ ಬ್ರೋಕರ್ ಜೊತೆ ಒಂದು ಕುಟುಂಬ, 'ಓನರ್ ಕಡೆಯ ನೆಂಟರು' ಅಂತ. ನೆಂಟರು ಬಂದವರು ಬಾತ್‌ರೂಮಿನ ನಲ್ಲಿ ತಿರುಗಿಸಿ ನೋಡ್ತಾರಾ? ಆಮೇಲೆ ಟೇಪು ಹಿಡಿದು ಒಬ್ಬ ಬಂದ. ಹಾಲ್ ಅಳೆದ, ಬಾಲ್ಕನಿ ಅಳೆದ, ಮೀಟರ್ ಬೋರ್ಡಿನ ಫೋಟೋ ತೆಗೆದ. ಕಂದಾಯಕ್ಕೆ ಅಳತೆ ಬೇಕಂತೆ ಅಂದರು ಓನರ್ ಆಂಟಿ. ಆತ ಕೊಳ್ಳುವವರಿಗೆ ಸಾಲ ಕೊಡುವ ಬ್ಯಾಂಕಿನ ವ್ಯಾಲ್ಯುಯೇಷನ್ ಮನುಷ್ಯ ಅಂತ ನಮ್ಮ ಮನೆಯವರು ಕೇಳಿ ತಿಳಿದುಕೊಂಡರು. ಅಷ್ಟರಲ್ಲಿ ಮನೆ ಮಾರುವ ಆಪ್ ಒಂದರಲ್ಲಿ ನಮ್ಮ ಬೆಡ್‌ರೂಮಿನ ಫೋಟೋನೇ ಬಂದಿತ್ತು, ಹಗ್ಗದ ಮೇಲೆ ಒಣಹಾಕಿದ ಮಗಳ ಯೂನಿಫಾರಂ ಸಮೇತ. ಅದನ್ನು ನೋಡಿದಾಗ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಬಾಡಿಗೆ ಕೊಟ್ಟುಕೊಂಡು ಇರುವಷ್ಟು ದಿನ ಆ ಮನೆಯಲ್ಲಿ ನೆಮ್ಮದಿಯಾಗಿರುವ ಹಕ್ಕು ನಮ್ಮದು. ಕೊಳ್ಳುವವರು ನೋಡಲು ಬರಬೇಕಾದರೆ ಮೊದಲೇ ಹೇಳಿ, ನಮಗೆ ಅನುಕೂಲವಾದ ಹೊತ್ತಿಗೆ ಬರಬೇಕು. ಹೀಗಂತ ವಾಟ್ಸಾಪಿನಲ್ಲಿ ಬರೆದು ಕಳಿಸಿದ ಮೇಲೆ ಬ್ರೋಕರ್ ಸ್ವಲ್ಪ ನೆಟ್ಟಗಾದ.

ಟೇಪು ಹಿಡಿದವನು ಬಂದ ಹೊತ್ತೇ ಅಡ್ವಾನ್ಸ್ ಮಾತಾಡುವ ಹೊತ್ತು. ರಿಜಿಸ್ಟ್ರೇಷನ್ ಆಗುವವರೆಗೆ ಮಾರುವವರಿಗೂ ಕೊಳ್ಳುವವರಿಗೂ ನಿಮ್ಮಿಂದ ಕೆಲಸ ಇರುತ್ತೆ. ಅದಾದ ಮೇಲೆ ಮಾರಿದವರಿಗೆ ನಿಮ್ಮ ಹಂಗೇ ಇಲ್ಲ. ನಾವು ಆಗಲೇ ಕೇಳಿದೆವು. 'ಅಯ್ಯೋ ನೋಡಮ್ಮ, ಇನ್ನೂ ಮಾತುಕತೆನೇ ಆಗಿಲ್ಲ, ನಿನ್ನ ದುಡ್ಡು ಎಲ್ಲಿಗೆ ಹೋಗುತ್ತೆ' ಅಂದರು ಓನರ್ ಅಂಕಲ್. ಎಂಟು ವರ್ಷ ಅವರ ಮನೆಯಲ್ಲೇ ಇದ್ದವರು ನಾವು. ಹಬ್ಬಕ್ಕೆ ಒಬ್ಬಟ್ಟು ಕೊಡುತ್ತಿದ್ದ ಕೈಯಿಂದ ಬರೆಸಿಕೊಳ್ಳೋದು ಎಷ್ಟು ಕಷ್ಟ ಅನ್ನೋದು ನಿಮಗೂ ಗೊತ್ತು.

ಮಧ್ಯದಲ್ಲಿ ಇನ್ನೊಂದು ನಡೆಯಿತು. ಕೊಳ್ಳುವ ಪಾರ್ಟಿ ಬಂದು ಮನೆ ಕೊಳ್ಳುವ ಅಗ್ರಿಮೆಂಟಿನ ಜೆರಾಕ್ಸ್ ತೋರಿಸಿ, 'ಮುಂದಿನ ತಿಂಗಳಿಂದ ಬಾಡಿಗೆ ನನ್ನ ಅಕೌಂಟಿಗೆ ಹಾಕಿಬಿಡಿ ಮೇಡಂ' ಅಂದರು. ಕೊಡಬೇಡಿ. ಕ್ರಯದ ಕರಾರಿಗೂ ಕ್ರಯಪತ್ರಕ್ಕೂ ಅಜಗಜಾಂತರ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಂ ಪ್ರಕಾರ ಬರೀ ಕರಾರಿನಿಂದ ಕೊಳ್ಳುವವರಿಗೆ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ, ಕ್ರಯಪತ್ರ ನೋಂದಣಿಯಾಗಬೇಕು. ಆಗಿದೆಯೋ ಇಲ್ಲವೋ ಅಂತ ಯಾರ ಬಾಯಿ ಮಾತನ್ನೂ ನಂಬಬೇಕಿಲ್ಲ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಆ ಸ್ವತ್ತಿನ ಇಸಿ (ಋಣಭಾರ ಪತ್ರ, ಅಂದರೆ ಆ ಸ್ವತ್ತಿನ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ) ತೆಗೆಸಿದರೆ ಗೊತ್ತಾಗುತ್ತೆ. ಇನ್ನೊಂದು ಸಮಾಧಾನದ ಸಂಗತಿ: ಮನೆ ಕೈಬದಲಾದದ್ದು ತಿಳಿಯದೆ ನೀವು ಹಳೇ ಓನರ್‌ಗೇ ಬಾಡಿಗೆ ಕಟ್ಟಿದ್ದರೆ, ಅದೇ ಬಾಡಿಗೆಯನ್ನು ಹೊಸಬರಿಗೆ ಇನ್ನೊಮ್ಮೆ ಕಟ್ಟಬೇಕಿಲ್ಲ. ಅದೇ ಕಾಯ್ದೆಯ 109ನೇ ಕಲಂನಲ್ಲಿ ಹಾಗೇ ಇದೆ. ಆದ್ದರಿಂದ ಬಾಡಿಗೆ ಬ್ಯಾಂಕ್ ಮೂಲಕವೇ ಹೋಗಲಿ, ತಿಂಗಳ ಹೆಸರು ಬರೆದು ಹೋಗಲಿ.

ಆಮೇಲೆ ಬಂತು ಆ ಕಾಗದ. ಬ್ರೋಕರ್ ತಂದದ್ದು, ಅರ್ಧ ಪುಟದ ಟೈಪ್ ಮಾಡಿದ ಹಾಳೆ: 'ಸದರಿ ಮನೆಯ ಬಾಬ್ತು ನನಗೆ ಮಾಲೀಕರಿಂದ ಯಾವುದೇ ಬಾಕಿ ಬರತಕ್ಕದ್ದು ಇರುವುದಿಲ್ಲ. ಸ್ವಇಚ್ಛೆಯಿಂದ ಖಾಲಿ ಮಾಡಿಕೊಡಲು ಒಪ್ಪಿರುತ್ತೇನೆ.' ತಾರೀಖಿನ ಜಾಗ ಖಾಲಿ. 'ಬರೀ ಫಾರ್ಮಾಲಿಟಿ ಮೇಡಂ, ಬ್ಯಾಂಕಿನವರು ಕೇಳ್ತಾರೆ' ಅಂದ. ದುಡ್ಡು ಕೈಗೆ ಬಾರದೆ ಬಾಕಿ ಇಲ್ಲ ಅಂತ ಬರೆದುಕೊಡೋದು ಹೇಗೆ ಅಂತ ಕೇಳಿದ್ದಕ್ಕೆ, ನೀವೊಬ್ಬರೇ ಹೀಗೆ ಆಡೋದು ಅಂದ. ಅದು ನಿಜವೇ. ಮೂರನೇ ಮಹಡಿಯಲ್ಲಿದ್ದ ಸಾಫ್ಟ್‌ವೇರ್ ಹುಡುಗರು ಕಣ್ಣು ಮುಚ್ಚಿ ಸೈನ್ ಹಾಕಿದ್ದರು. ಖಾಲಿ ಮಾಡುವ ದಿನ ಅಡ್ವಾನ್ಸ್ ಕೇಳಿದರೆ ಅದೇ ಹಾಳೆಯನ್ನು ಅವರ ಮುಖಕ್ಕೆ ಹಿಡಿದರು. ಪಾಪ, ಮಕ್ಕಳು ಊರಿಂದ ಅಪ್ಪನನ್ನು ಕರೆಸಿ ಗಲಾಟೆ ಮಾಡಿದ ಮೇಲೆ ಅರ್ಧ ಸಿಕ್ಕಿತು.

ಕ್ರಯ ಆಯಿತು. ನಮಗೆ ಗೊತ್ತಾದದ್ದು ಇಸಿಯಿಂದ. ಅಂಕಲ್‌ಗೆ ಫೋನ್ ಮಾಡಿದೆ. 'ಅಡ್ವಾನ್ಸು ಅವರಿಗೇ ಅಡ್ಜಸ್ಟ್ ಮಾಡಿ ಕೊಟ್ಟಿದೀನಮ್ಮ, ಅವರ ಹತ್ರಾನೇ ಇಸ್ಕೊಳ್ಳಿ.' ಹೊಸಬರಿಗೆ ಮಾಡಿದೆ. 'ನಂಗೂ ಅದಕ್ಕೂ ಸಂಬಂಧ ಇಲ್ಲ ಮೇಡಂ. ಫುಲ್ ಪೇಮೆಂಟ್ ಮಾಡಿದೀನಿ. ನಿಮ್ಮ ಹನ್ನೊಂದು ತಿಂಗಳ ಕರಾರು ಯಾವಾಗಲೋ ಮುಗಿದಿದೆ, ನಿಮಗೇನೂ ಹಕ್ಕಿಲ್ಲ, ಹದಿನೈದಕ್ಕೆ ಖಾಲಿ ಮಾಡಿ.'

ಈ ಹನ್ನೊಂದು ತಿಂಗಳ ಗುಮ್ಮನಿಗೆ ಹೆದರಬೇಡಿ. ಕರಾರು ಮುಗಿದ ಮೇಲೂ ಓನರ್ ಬಾಡಿಗೆ ತೆಗೆದುಕೊಳ್ಳುತ್ತ ಬಂದಿದ್ದರೆ, ಅದೇ 1882ರ ಕಾಯ್ದೆಯ 116ನೇ ಕಲಂ ಪ್ರಕಾರ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿದಂತೆ. ಅದನ್ನು ಮುರಿಯಲು ಬರಹದಲ್ಲಿ, ಸಹಿ ಮಾಡಿದ ನೋಟಿಸ್ ಬೇಕು. ಕರಾರಿನಲ್ಲಿ ಬೇರೆ ಅವಧಿ ಬರೆದಿಲ್ಲದಿದ್ದರೆ 106ನೇ ಕಲಂ ಪ್ರಕಾರ 15 ದಿನದ್ದು. ನೋಟಿಸ್ ಅವಧಿ ಮುಗಿದ ಮೇಲೂ ನೀವು ಹೊರಡದಿದ್ದರೆ ಅವರು ಕೋರ್ಟಿಗೆ ಹೋಗಬೇಕೇ ಹೊರತು ಸಾಮಾನು ಎತ್ತಿ ಬೀದಿಗೆ ಹಾಕುವಂತಿಲ್ಲ. ಒಂದು ವೇಳೆ ಬೀಗ ಬದಲಿಸಿಯೇ ಬಿಟ್ಟರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಅಡಿ 6 ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ವಾಪಸ್ ಕೇಳಬಹುದು. ಅಲ್ಲಿ ಮನೆ ಯಾರದ್ದು ಅನ್ನೋ ಪ್ರಶ್ನೆಯೇ ಬರುವುದಿಲ್ಲ, ಕಾನೂನು ಬಿಟ್ಟು ಹೊರಹಾಕಿದರೋ ಇಲ್ಲವೋ ಅಷ್ಟೇ. ಕರ್ನಾಟಕ ಬಾಡಿಗೆ ಕಾಯ್ದೆ ಇದೆಯಲ್ಲ ಅಂತ ಕೆಲವರು ಧೈರ್ಯ ಹೇಳಿದರು. 1999ರ ಆ ಕಾಯ್ದೆ ವಾಸದ ಮನೆಗಳ ಮಟ್ಟಿಗೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ದಾಟಿದ ಬಾಡಿಗೆಗೆ ಅನ್ವಯಿಸುವುದಿಲ್ಲ. ಈ ಊರಲ್ಲಿ 3,500ಕ್ಕೆ ಬೈಕ್ ನಿಲ್ಲಿಸೋ ಜಾಗ ಸಿಕ್ಕರೆ ಹೆಚ್ಚು. ಹಾಗಾಗಿ ನಮ್ಮಂಥವರಿಗೆ ಉಳಿದಿರೋದು 1882ರ ಕಾಯ್ದೆ ಮತ್ತು ನಮ್ಮ ಕೈಲಿರುವ ಕರಾರು.

ನಾವು ಕದಲದಿದ್ದಾಗ ಸಂಪಿನ ಮೋಟರ್ ರೂಮಿಗೆ ಹೊಸ ಬೀಗ ಬಿತ್ತು. ಮೇಲಿನ ಟ್ಯಾಂಕ್ ಮಾರನೇ ದಿನ ಬೆಳಿಗ್ಗೆಗೆ ಖಾಲಿ. ಕೇಳಿದರೆ ಮೋಟರ್ ರಿಪೇರಿ. ಅದೇ ಸಂಪಿನಿಂದ ಅವರ ಗಾರೆ ಕೆಲಸದವರು ಬಕೆಟ್‌ನಲ್ಲಿ ನೀರು ಎತ್ತಿ ಕಾಂಪೌಂಡ್‌ಗೆ ಸಿಮೆಂಟ್ ಕಲಸುತ್ತಿದ್ದರು! ಬೀಗದ ಫೋಟೋ, ಸಿಮೆಂಟ್ ಕಲಸುವ ವಿಡಿಯೋ ಎರಡೂ ಇಟ್ಟುಕೊಂಡು ಸ್ಟೇಷನ್‌ಗೆ ಹೋದೆವು. 'ಇದು ಸಿವಿಲ್ ಮ್ಯಾಟರ್ ಕಣಮ್ಮ, ಕೋರ್ಟಿಗೆ ಹೋಗಿ' ಅಂದರು. ಆದರೂ ದೂರು ಬರೆದುಕೊಟ್ಟು ಹಿಂಬರಹ (ದೂರಿಗೆ ಸ್ಟೇಷನ್‌ನವರು ಬರೆದುಕೊಡುವ ಉತ್ತರ) ಇಸಿದುಕೊಂಡೆವು. ಹಿಂಬರಹದಿಂದ ನೀರು ಬರಲಿಲ್ಲ, ಟ್ಯಾಂಕರ್ ತರಿಸಬೇಕಾಯಿತು. ಆದರೆ ಮುಂದೆ ವಕೀಲರು ತಡೆಯಾಜ್ಞೆಗೆ ಅರ್ಜಿ ಹಾಕುವ ಮಾತೆತ್ತಿದಾಗ ಅದೇ ಕಾಗದ ಕೆಲಸಕ್ಕೆ ಬಂತು. ನಾವೂ ಸಿಟ್ಟಿಗೆ ಬಿದ್ದು ಬಾಡಿಗೆ ನಿಲ್ಲಿಸಲಿಲ್ಲ. ಇಸಿಯಲ್ಲಿ ಹೊಸಬರ ಹೆಸರು ಬಂದ ತಿಂಗಳಿಂದ ಅವರ ಅಕೌಂಟಿಗೇ ಹಾಕಿದೆವು. ಬಾಡಿಗೆ ಬಾಕಿ ಇದ್ದಿದ್ದರೆ ನಮ್ಮ ಕೇಸಿನ ಬೆನ್ನೆಲುಬೇ ಮುರಿಯುತ್ತಿತ್ತು.

ಅಡ್ವಾನ್ಸ್ ಬಗ್ಗೆ ಕಾನೂನು ಏನನ್ನುತ್ತೆ ಅನ್ನೋದು ವಕೀಲರ ಹತ್ತಿರ ಕೂತಾಗ ಅರ್ಥವಾಯಿತು. ಮತ್ತೆ 1882ರ ಕಾಯ್ದೆಯ ಅದೇ 109ನೇ ಕಲಂ. ಮನೆ ಮಾರಿದ ಮಾತ್ರಕ್ಕೆ ಹಳೇ ಮಾಲೀಕ ತನ್ನ ಹೊಣೆಯಿಂದ ಬಿಡುಗಡೆಯಾಗುವುದಿಲ್ಲ. ಹೊಸಬರನ್ನೇ ಹೊಣೆಗಾರರೆಂದು ಒಪ್ಪುವ ಆಯ್ಕೆ ಬಾಡಿಗೆದಾರನದ್ದು. ಹಾಗಿದ್ದ ಮೇಲೆ 'ಅವರ ಹತ್ರ ಇಸ್ಕೊಳ್ಳಿ' ಅನ್ನಲು ಅಂಕಲ್‌ಗೆ ಅಧಿಕಾರವೇ ಇರಲಿಲ್ಲ. ಅಡ್ವಾನ್ಸ್ ವಾಪಸ್ ಕೊಡೋದು ಮನೆಗೆ ಅಂಟಿದ ಹೊಣೆಯೋ ಅಥವಾ ದುಡ್ಡು ಪಡೆದವರ ಸ್ವಂತ ಹೊಣೆಯೋ ಅಂತ ಹೊಸಬರು ವಾದ ಎತ್ತಬಹುದು. ದುಡ್ಡು ಪಡೆದವರು ಮಾತ್ರ ಆ ವಾದದ ಹಿಂದೆ ಅಡಗುವಂತಿಲ್ಲ. ಅದಕ್ಕೇ, ಹೊಸಬರು 'ಇಷ್ಟು ಅಡ್ವಾನ್ಸ್ ನನ್ನ ಕೈಸೇರಿದೆ' ಅಂತ ಬರೆದುಕೊಡುವವರೆಗೆ ಅವರ ಜೊತೆ ಹೊಸ ಕರಾರಿಗೆ ಸಹಿ ಹಾಕಬೇಡಿ. ಅಡ್ವಾನ್ಸ್ ಅನ್ನೋ ಜಾಗದಲ್ಲಿ ಸೊನ್ನೆ ಇರುವ ಕರಾರಂತೂ ಬೇಡವೇ ಬೇಡ.

ಗಂಟು ಬಿಚ್ಚಿದ್ದು ಕ್ರಯಪತ್ರದ ನಕಲು. ನೋಂದಣಿಯಾದ ಕ್ರಯಪತ್ರದ ದೃಢೀಕೃತ ನಕಲನ್ನು ಉಪನೋಂದಣಿ ಕಚೇರಿಯಿಂದ ಯಾರು ಬೇಕಾದರೂ ಅರ್ಜಿ ಕೊಟ್ಟು ಪಡೆಯಬಹುದು. ಅದರಲ್ಲಿತ್ತು: 'ಷೆಡ್ಯೂಲು ಸ್ವತ್ತನ್ನು ಈ ದಿನವೇ ನಿಮ್ಮ ಖಾಲಿ ಸ್ವಾಧೀನಕ್ಕೆ ಬಿಟ್ಟುಕೊಟ್ಟಿರುತ್ತೇನೆ.' ಆ ದಿನ ಆ ಖಾಲಿ ಸ್ವಾಧೀನದ ಅಡುಗೆಮನೆಯಲ್ಲಿ ನಾನು ಪಾತ್ರೆ ತೊಳೆಯುತ್ತಿದ್ದೆ. ಅಡ್ವಾನ್ಸ್ ಅಡ್ಜಸ್ಟ್ ಮಾಡಿದ ಮಾತು ಎಲ್ಲೂ ಇಲ್ಲ. ಇದನ್ನು ಹೊಸ ಓನರ್ ಮುಂದೆ ಇಟ್ಟು ನಮ್ಮ ವಕೀಲರು ಎರಡೇ ಮಾತು ಹೇಳಿದರು. ಜನ ವಾಸ ಇರುವ ಮನೆ ಕೊಂಡರೆ, ಅವರಿಗೇನು ಹಕ್ಕಿದೆ ಅನ್ನೋದು ಕೊಂಡವರಿಗೆ ಗೊತ್ತಿತ್ತು ಅಂತಲೇ ಕಾನೂನು ಎಣಿಸುತ್ತೆ, ಆದ್ದರಿಂದ ಗೊತ್ತಿರಲಿಲ್ಲ ಅನ್ನೋದು ನಡೆಯಲ್ಲ. ಇನ್ನು ಖಾಲಿ ಅಂತ ಸುಳ್ಳು ಬರೆದುಕೊಟ್ಟವರು ಮಾರಿದವರು, ನಿಮ್ಮ ಜಗಳ ಅವರ ಜೊತೆ ಇರಬೇಕು. ಅಲ್ಲಿಂದ ಗಾಳಿ ತಿರುಗಿತು. ಸಾಲದ ಕಂತು ಕಟ್ಟುತ್ತ ಬೇರೆ ಕಡೆ ಬಾಡಿಗೆಯಲ್ಲಿದ್ದ ಆ ಮನುಷ್ಯನಿಗೆ ಮನೆ ಬೇಗ ಬೇಕಿತ್ತು. ನಮ್ಮ ಪರವಾಗಿ ಅಂಕಲ್‌ಗೆ ಫೋನ್ ಮೇಲೆ ಫೋನ್ ಹೊಡೆದದ್ದು ಅವರೇ. ನಮ್ಮ ಲೀಗಲ್ ನೋಟಿಸೂ ಹೋಗಿತ್ತು. ಕೊನೆಗೆ ಅಂಕಲ್ ಪೇಂಟಿಂಗ್ ಅಂತ 40 ಸಾವಿರ ಮುರಿದುಕೊಂಡು ಉಳಿದದ್ದನ್ನು ಹಾಕಿದರು. ಕರಾರಿನಲ್ಲಿದ್ದದ್ದು ಒಂದು ತಿಂಗಳ ಬಾಡಿಗೆಯಷ್ಟು ಪೇಂಟಿಂಗ್, ಅಂದರೆ 18 ಸಾವಿರ. ಉಳಿದ 22 ಸಾವಿರಕ್ಕೆ ಅಲೆಯುವ ಶಕ್ತಿ ನಮ್ಮಲ್ಲಿರಲಿಲ್ಲ. ನಿಮ್ಮಲ್ಲಿದ್ದರೆ, ಇಂಥ ಹಣದ ದಾವೆಗೆ 3 ವರ್ಷದ ಕಾಲಮಿತಿ ಇದೆ ಅನ್ನೋದು ನೆನಪಿರಲಿ.

ನೆಲಮಹಡಿಯವರು ಲೀಸ್‌ಗೆ ಇದ್ದರು. ಎಂಟು ಲಕ್ಷ ಕೊಟ್ಟು ಮೂರು ವರ್ಷಕ್ಕೆ, ತಿಂಗಳ ಬಾಡಿಗೆ ಇಲ್ಲ. ಅವರ ಕೈಲಿದ್ದದ್ದು ಸ್ಟಾಂಪ್ ಪೇಪರ್ ಮೇಲೆ ನೋಟರಿ ಮಾಡಿಸಿದ ಕರಾರು. ಒಂದು ವರ್ಷ ದಾಟುವ ಲೀಸ್ ನೋಂದಣಿಯಾಗಲೇಬೇಕು, ಭೋಗ್ಯಪತ್ರಕ್ಕೂ (ಕೊಟ್ಟ ದುಡ್ಡು ವಾಪಸ್ ಬರುವವರೆಗೆ ಮನೆ ಅನುಭವಿಸುವ ಅಡಮಾನ ಪತ್ರ) ಅದೇ. ನೋಟರಿ ಸೀಲು ನೋಂದಣಿಯಲ್ಲ. ನೋಂದಣಿ ಮಾಡಿಸಿದ್ದರೆ ಇಸಿಯಲ್ಲಿ ಎಂಟು ಲಕ್ಷದ ಸಾಲು ಕಾಣುತ್ತಿತ್ತು. ಕೊಳ್ಳುವವರು ಆ ದುಡ್ಡು ಹಿಡಿದುಕೊಂಡೇ ಮಾರುವವರಿಗೆ ಉಳಿದದ್ದು ಕೊಡುತ್ತಿದ್ದರು. ಖರ್ಚು ಉಳಿಸೋಣ ಬನ್ನಿ ಅಂತ ಹೇಳಿದವರು ಓನರ್. ಈಗ ಇವರು ಎಂಟು ಲಕ್ಷಕ್ಕೆ ಕೇಸು ಹಾಕಿಕೊಂಡು ಕೂತಿದ್ದಾರೆ, ಓನರ್ ಮಗನ ಜೊತೆ ಬೇರೆ ರಾಜ್ಯದಲ್ಲಿದ್ದಾರೆ. ಲೀಸ್‌ಗೆ ಹೋಗುವವರು ದುಡ್ಡು ಕೊಡುವ ಮೊದಲು ಇಸಿ ನೋಡಿ. ಅದರಲ್ಲಿ ಬ್ಯಾಂಕಿಗೆ ಪತ್ರ ಅಡವಿಟ್ಟ ನಮೂದು ಕಂಡರೆ ಆ ಮನೆ ಬಿಟ್ಟುಬಿಡಿ ಅಂತಲೇ ನಾನು ಹೇಳೋದು. ಸಾಲ ಕಟ್ಟದಿದ್ದರೆ ಬ್ಯಾಂಕು ಸಾಲ ವಸೂಲಿಗಿರುವ 2002ರ ಸರ್ಫೇಸಿ ಕಾಯ್ದೆಯಲ್ಲಿ ಮನೆ ಜಪ್ತಿ ಮಾಡಿ ಹರಾಜಿಗಿಡುತ್ತೆ. ಅಡಮಾನದ ನಂತರ ಬ್ಯಾಂಕಿಗೆ ಹೇಳದೆ ಮಾಡಿಕೊಂಡ, ನೋಂದಣಿಯೂ ಇಲ್ಲದ ಲೀಸು ಅಲ್ಲಿ ನಿಲ್ಲೋದು ಬಲು ಕಷ್ಟ.

ನಮ್ಮ ವಕೀಲರು ಹೇಳಿದ, ಈಗ ನಾನು ಕಂಡವರಿಗೆಲ್ಲ ಕಳಿಸುತ್ತಿರುವ ಪತ್ರದ ಒಕ್ಕಣೆ ಇದು. ರಿಜಿಸ್ಟ್ರೇಷನ್‌ಗೆ ಮೊದಲು ಮಾರುವವರು, ಕೊಳ್ಳುವವರು, ನೀವು ಮೂವರೂ ಸಹಿ ಮಾಡಿ ಒಂದೊಂದು ಪ್ರತಿ ಇಟ್ಟುಕೊಳ್ಳಬೇಕು: 'ಈ ಮನೆಯ ಬಾಡಿಗೆದಾರರಿಂದ ಮಾರುವವರು ಇಂತಿಷ್ಟು ರೂಪಾಯಿ ಅಡ್ವಾನ್ಸ್ ಪಡೆದಿದ್ದು, ಆ ಹಣವನ್ನು ಇಂಥ ದಿನ ಕೊಳ್ಳುವವರಿಗೆ ಸಂದಾಯ ಮಾಡಿರುತ್ತಾರೆ. ಬಾಡಿಗೆದಾರರು ಮನೆ ಖಾಲಿ ಮಾಡಿ ಕೀಲಿ ಕೊಡುವ ದಿನವೇ ಈ ಹಣವನ್ನು ಕೊಳ್ಳುವವರು ಹಿಂದಿರುಗಿಸತಕ್ಕದ್ದು. ಪೇಂಟಿಂಗ್ ಬಾಬ್ತು ಹಳೇ ಕರಾರಿನಲ್ಲಿರುವ ಮೊತ್ತಕ್ಕಿಂತ ಹೆಚ್ಚು ಮುರಿದುಕೊಳ್ಳುವಂತಿಲ್ಲ. ಹಳೇ ಕರಾರಿನ ನೋಟಿಸ್ ಅವಧಿ ಹಾಗೆಯೇ ಮುಂದುವರಿಯುತ್ತದೆ.' ಕೊಳ್ಳುವವರು ಒಪ್ಪದಿದ್ದರೆ ಮೊದಲ ವಾಕ್ಯದಲ್ಲಿ ಕೊಳ್ಳುವವರಿಗೆ ಸಂದಾಯ ಮಾಡಿದ ಮಾತು ತೆಗೆಸಿ, ಎರಡನೇ ವಾಕ್ಯದಲ್ಲಿ ಅವರ ಬದಲು ಮಾರುವವರ ಹೆಸರು ಬರೆಸಿ, ಅಷ್ಟು ಮೊತ್ತದ ಚೆಕ್ ಮಾರುವವರಿಂದ ಮೊದಲೇ ಇಸಿದುಕೊಳ್ಳಿ.